ನೀರಿನ ಟ್ಯಾಂಕಿಗೆ ಮೂಡಿದ ಕೊಂಬು

"ಬರೋ ಭಾನುವಾರ ಸಮುದ್ರಕ್ಕೆ ಇಳಿಯೋದೇ! ಇಳಿದ ಮೇಲೆ ಬರಿಗೈಲಿ ಮೇಲೆ ಬರೋ ಆಸಾಮಿ ನಾನಲ್ಲ!"

ಕನ್ನಡಕದ ಅಂಗಡಿಯ ಯಜಮಾನರು ಈ ಭೀಷ್ಮಪ್ರತಿಜ್ಞೆ ಮಾಡಿದ್ದು ಅಡುಗೆಮನೆಯ ಮೇಜಿನ ಮುಂದೆ ಕೂತು, ಎರಡನೆಯ ಸಲ ಬಡಿಸಿಕೊಂಡದ್ದನ್ನೂ ಮುಗಿಸಿ, ಬೆಲ್ಟನ್ನು ಒಂದು ತೂತು ಸಡಿಲಿಸುತ್ತಾ.

"ಮೊದಲು ಕುರ್ಚಿಯಿಂದ ಏಳಿ. ಸಮುದ್ರ ಎಲ್ಲೂ ಓಡಿಹೋಗಲ್ಲ," ಎಂದಳು ಮನೆಯಾಕೆ.

ಓಡಿಹೋಗಿರಲಿಲ್ಲ, ನಿಜ. ಅದೇ ತಾನೇ ಸಂಕಟ! ಅಡುಗೆಮನೆಯ ಕಿಟಕಿಯಿಂದ, ಎದುರಿನ ಎರಡು ಕಟ್ಟಡಗಳ ಸಂದಿಯಲ್ಲಿ, ಅಂಗೈಯಗಲ ಸಮುದ್ರ ಕಾಣುತ್ತಿತ್ತು. ದಿನಾ ಬೆಳಿಗ್ಗೆ ಯಜಮಾನರು ಕಾಫಿ ಲೋಟ ಹಿಡಿದು ಆ ಅಂಗೈಯಗಲದ ನೀಲಿಯನ್ನೇ ನೋಡುತ್ತಾ ನಿಲ್ಲುತ್ತಿದ್ದರು. ಕಾಫಿ ಆರುತ್ತಿತ್ತು, ಆಸೆ ಆರುತ್ತಿರಲಿಲ್ಲ.

ಮದುವೆಯಾದ ಹೊಸತರಲ್ಲಿ ಭಾನುವಾರವೆಂದರೆ ಸಮುದ್ರ. ಇವರು ಉಸಿರು ಹಿಡಿದು ಮುಳುಗಿ, ಮರದ ಕೋವಿಯ ರಬ್ಬರ್ ಪಟ್ಟಿ ಎಳೆದು ಈಟಿ ಬಿಟ್ಟು ಮೀನು ಹೊಡೆಯುವುದು. ಆಕೆ ಬಂಡೆಯ ಮೇಲೆ ಕೂತು ಇವರ ಕನ್ನಡಕ ಕಾಯುವುದು. ಕನ್ನಡಕ ತೆಗೆದರೆ ಇವರಿಗೆ ಬಂಡೆಯೂ ಒಂದೇ, ಹೆಂಡತಿಯೂ ಒಂದೇ! ನೀರಿನಿಂದ ತಲೆ ಎತ್ತಿ ಕಣ್ಣು ಕಿರಿದು ಮಾಡಿಕೊಂಡು ಹುಡುಕುತ್ತಿದ್ದರು. ಆಕೆ ಕೆಂಪು ಟವೆಲು ಬೀಸಿ, "ಇಲ್ಲಿದೀನಿ ರೀ, ಇಲ್ಲಿ!" ಎಂದು ಕೂಗಿದ ಮೇಲೆಯೇ ದಡ ಯಾವ ದಿಕ್ಕಿಗಿದೆ ಎಂದು ತಿಳಿಯುತ್ತಿತ್ತು. ಆಮೇಲೆ ಮಗಳು ಹುಟ್ಟಿದಳು. ಅಂಗಡಿಯ ಬಾಗಿಲು ಭಾನುವಾರವೂ ತೆರೆಯಿತು. ಈಗ ಮಗಳು ಹಾಸ್ಟೆಲು ಸೇರಿದ್ದಾಳೆ, ಭಾನುವಾರ ಮತ್ತೆ ಬಿಡುವಾಗಿದೆ. ಆದರೆ ಆ ಕಾಲದಲ್ಲಿ ಹಳೆ ಬಾಗಿಲಿನ ಚೌಕಟ್ಟಿನಿಂದ ಯಜಮಾನರೇ ಕೆತ್ತಿಕೊಂಡಿದ್ದ ಕೋವಿ, ಬಾಲ್ಕನಿಯಲ್ಲಿ ಅಡ್ಡ ಮಲಗಿ ಒದ್ದೆ ಬನಿಯನ್ನುಗಳನ್ನು ಹೊರುತ್ತಿದೆ.

"ಅದಕ್ಕೇ ಹೊಸ ರಬ್ಬರ್ ಕಟ್ಟಿಸಬಾರದಾ?" ಎಂದು ಆಕೆ ಕೇಳಿದಳು.

"ಬಟ್ಟೆ ಒಣಗಿಸೋ ಕೋಲು ಹಿಡ್ಕೊಂಡು ಹೋದ್ರೆ ಮೀನುಗಳು ಏನಂದುಕೊಂಡಾವು? ನನಗೂ ಒಂದು ಮರ್ಯಾದೆ ಇದೆ!"

ಮರ್ಯಾದೆಯನ್ನು ಹುಡುಕಿಕೊಂಡು ಯಜಮಾನರು ಭಾವಮೈದುನನ ಅಂಗಡಿಗೆ ಹೋದರು. ಅವನದು ಈಜುವವರ, ಮುಳುಗುವವರ ಸಾಮಾನಿನ ವ್ಯಾಪಾರ. ಅವನು ಎರಡು ಕೋವಿಗಳನ್ನು ತೆಗೆದು ಮುಂದಿಟ್ಟ.

"ಇದು ಒಂದೇ ಹಲಗೆಯದು ಭಾವ, ಅಗ್ಗ. ಬಿಸಿಲಲ್ಲಿ ಬಿಟ್ರೆ ಬಾಗುತ್ತೆ. ಇದು ನೋಡಿ, ತೇಗದ ಪಟ್ಟಿಗಳನ್ನ ಒಂದರ ಪಕ್ಕ ಒಂದು ಅಂಟಿಸಿ ಮಾಡಿದ್ದು. ಜಪ್ಪಯ್ಯ ಅಂದ್ರೂ ಬಾಗಲ್ಲ. ನೀರಲ್ಲಿ ಬಿಟ್ರೆ ಮುಳುಗೋದೂ ಇಲ್ಲ, ತೇಲೋದೂ ಇಲ್ಲ. ಇಟ್ಟಲ್ಲೇ ಇರುತ್ತೆ."

"ಬೆಲೆ?"

ಮೈದುನ ಚೀಟಿ ತೋರಿಸಿದ. ಯಜಮಾನರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಬೆಲೆ ಹಾಗೇ ಇತ್ತು.

ಬೇರೆ ಯಾರಾದರೂ ಅಲ್ಲೇ ಒಂದನ್ನು ಆರಿಸಿಬಿಡುತ್ತಿದ್ದರು. ಆದರೆ ದಿನವಿಡೀ ಗಿರಾಕಿಗಳ ಕಣ್ಣಿಗೆ ಒಂದಾದ ಮೇಲೊಂದು ಗಾಜು ಹಿಡಿದು, "ಇದೋ? ಅದೋ?" ಎಂದು ಕೇಳುವುದು ಯಜಮಾನರ ಕಸುಬು. ಕಸುಬು ಬರಬರುತ್ತಾ ಚಾಳಿಯಾಗಿತ್ತು. ತರಕಾರಿ ಅಂಗಡಿಯಲ್ಲಿ ಎರಡು ಬದನೆಕಾಯಿ ಎತ್ತಿ ಹಿಡಿದು ಅವರು "ಇದೋ? ಅದೋ?" ಎಂದು ಶುರು ಮಾಡಿದರೆ, ಹಿಂದೆ ನಿಂತವರು ಬೇರೆ ಅಂಗಡಿಗೆ ಹೋಗಿಬಿಡುತ್ತಿದ್ದರು.

"ಎರಡನ್ನೂ ಮನೆಗೆ ಒಯ್ದು ಪರೀಕ್ಷೆ ಮಾಡಿ ನೋಡ್ತೀನಿ," ಎಂದರು.

"ನೋಡಿ ಭಾವ. ಆದ್ರೆ ಒಂದು ಮಾತು. ನೀರಿನ ಹೊರಗೆ ಅಪ್ಪಿತಪ್ಪಿಯೂ ರಬ್ಬರ್ ಎಳೆದು ಈಟಿ ಏರಿಸಬೇಡಿ!"

"ಏರಿಸಿದ್ರೆ ಕೇಳು!"

ಕೊಟ್ಟ ಮಾತನ್ನು ಯಜಮಾನರು ಅಕ್ಷರಶಃ ಉಳಿಸಿಕೊಂಡರು. ಮುಂದಿನ ಅನಾಹುತಕ್ಕೆಲ್ಲ ಅದೇ ಕಾರಣ.

ಮನೆಯಲ್ಲಿ ಎರಡು ಕೋವಿಗಳನ್ನು ಸೋಫಾದ ಮೇಲೆ ಮಲಗಿಸಿ, "ಇದೋ? ಅದೋ?" ಎಂದರು.

"ಯಾವುದಕ್ಕೆ ಪರದೆ ಚೆನ್ನಾಗಿ ನೇತುಹಾಕಬಹುದೋ ಅದು," ಎಂದಳು ಮನೆಯಾಕೆ. ಹಾಗೆಂದವಳು ಬಗ್ಗಿ ತೇಗದ ಕೋವಿಯ ಬೆನ್ನಿನ ಮೇಲೆ ಒಂದು ಬೆರಳು ಎಳೆದಳು. ಒಮ್ಮೆ ಎತ್ತಿ ಭುಜಕ್ಕೆ ಹಿಡಿದು, ಕಿಟಕಿಯ ಅಂಗೈಯಗಲದ ಸಮುದ್ರಕ್ಕೆ ಗುರಿಯಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತಳು.

"ಏನು?"

"ಏನಿಲ್ಲ. ತಲೆ ತೊಳ್ಕೋಬೇಕು," ಎಂದು ಕೋವಿ ಇಟ್ಟು ಬಚ್ಚಲಮನೆಗೆ ಹೋದಳು.

ಆಕೆಯ ಮುಖವನ್ನು ನೋಡುವಷ್ಟು ವ್ಯವಧಾನ ಯಜಮಾನರಿಗೆಲ್ಲಿತ್ತು? ನೀರಿಗಿಳಿಸದೆ ಕೋವಿಯ ಯೋಗ್ಯತೆ ತಿಳಿಯುವುದು ಹೇಗೆ ಎಂಬ ಘನ ಚಿಂತೆಯಲ್ಲಿ ಅವರು ಮುಳುಗಿಹೋಗಿದ್ದರು. ಬಕೆಟ್ಟಿನಲ್ಲಿ ಇಳಿಸಿದರು, ಕೋವಿಯ ಮೂತಿ ಮಾತ್ರ ಒದ್ದೆಯಾಯಿತು. ಆಗ ಹೊಳೆಯಿತು ನೋಡಿ! ತಾರಸಿಯ ಮೇಲೆ, ಇಡೀ ಕಟ್ಟಡಕ್ಕೆ ನೀರುಣಿಸುವ ಆ ಕರಿಯ ಪ್ಲಾಸ್ಟಿಕ್ಕಿನ ಟ್ಯಾಂಕು! ಎರಡು ಆಳು ಅಗಲ, ಕುತ್ತಿಗೆಮಟ್ಟ ನೀರು. ಬಾಡಿಗೆಯಿಲ್ಲದ ಸಮುದ್ರ!

ಎರಡೂ ಕೋವಿಗಳನ್ನೂ ಹಳೆಯ ಮುಖವಾಡವನ್ನೂ ಹೊತ್ತು ತಾರಸಿ ಹತ್ತಿದರು. ಮುಳುಗುವಾಗ ಹಾಕುವ ಆ ಗಾಜಿನ ಮುಖವಾಡ ಕನ್ನಡಕದ ಮೇಲೆ ಕೂರಲಿಲ್ಲ. ಕನ್ನಡಕವನ್ನು ತೆಗೆದು ಅಂಗಿಯ ಜೇಬಿಗೆ, ಅಂಗಿಯನ್ನು ತೆಗೆದು ಪೈಪಿಗೆ ತೂಗುಹಾಕಿದರು. ಲೋಕವೆಲ್ಲ ಮಂಜು. ಹೊಟ್ಟೆಯನ್ನು ಒಳಕ್ಕೆಳೆದುಕೊಂಡು, ಟ್ಯಾಂಕಿನ ಬಾಯಿಂದ ಹೇಗೋ ಜಾರಿ ಒಳಗಿಳಿದರು.

ಅಗ್ಗದ ಕೋವಿಯನ್ನು ಬಿಟ್ಟರು. ಅದು ಮೂತಿ ಎತ್ತಿಕೊಂಡು ಮೇಲಕ್ಕೆ ಬಂದು ಕೊರಡಿನಂತೆ ತೇಲಿತು. ದುಬಾರಿಯದನ್ನು ಬಿಟ್ಟರು. ಇಟ್ಟಲ್ಲೇ ಇತ್ತು! ಯಜಮಾನರು ಉಸಿರೆಳೆದು ತಾವೂ ಮುಳುಗಿದರು. ನೆತ್ತಿಯ ಮೇಲೆ ದುಂಡನೆಯ ಬೆಳಕು, ಸುತ್ತ ನಿಶ್ಶಬ್ದ, ಕಿವಿಯಲ್ಲಿ ತಮ್ಮದೇ ಎದೆಬಡಿತ. ಎಷ್ಟು ವರ್ಷವಾಗಿತ್ತು ಈ ಸದ್ದು ಕೇಳಿ! ಕಣ್ಣು ತುಂಬಿ ಬಂತು. ಬರೀ ಒಂದು ಟ್ಯಾಂಕು ನೀರಿಗೆ ಇಷ್ಟು ಹಂಬಲವಾದರೆ, ಹೊರಗೆ ಬಿದ್ದಿರುವ ಆ ಸಮುದ್ರಕ್ಕೆ ಎಷ್ಟಾಗಬೇಡ?

ಹಂಬಲ ಹೆಚ್ಚಾದಾಗ ಬುದ್ಧಿ ಕಡಿಮೆಯಾಗುತ್ತದೆ. ತಂತಿ ಬಿಗಿಯದೆ ವಾದ್ಯ ಕೊಳ್ಳುವವರುಂಟೇ ಎಂದು ಯೋಚಿಸಿ, ಮೈದುನನಿಗೆ ಕೊಟ್ಟ ಮಾತಿನಂತೆ ನೀರಿನ ಒಳಗೇ ತೇಗದ ಕೋವಿಯ ರಬ್ಬರ್ ಎಳೆದು ಈಟಿ ಏರಿಸಿದರು. ಕೋವಿಗೆ ಬೆರಳುಗುರಿನಷ್ಟು ಸಣ್ಣದೊಂದು ಲಾಕು ಇತ್ತು. ಅದು ಹಾಕಿದೆಯೋ ಬಿಟ್ಟಿದೆಯೋ ಕಣ್ಣಿಗೆ ಕಾಣದು. ಊರಿಗೆಲ್ಲ ಕಣ್ಣು ಕೊಡುವ ಮಹಾನುಭಾವರು ಅಂದಾಜಿನ ಮೇಲೆ, "ಹಾಕಿದೆ" ಎಂದು ತೀರ್ಮಾನಿಸಿ, ಟ್ರಿಗರ್ ಮೇಲೆ ಬೆರಳಿಟ್ಟು ಹಿಡಿತದ ಸುಖ ನೋಡಿದರು.

ಢಬ್!

ಅತ್ತ ಕೆಳಗೆ ಬೇರೆಯದೇ ಪ್ರಳಯ. ಯಜಮಾನರ ಕಾಲಿನ ಕುಣಿತಕ್ಕೆ ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಮಲಗಿದ್ದ ಕೆಸರೆಲ್ಲ ಎದ್ದು, ಎಲ್ಲ ನಲ್ಲಿಗಳಲ್ಲೂ ಕಾಫಿ ಬಣ್ಣದ ನೀರು ಬರತೊಡಗಿತ್ತು. ಕಟ್ಟಡದ ಸೆಕ್ರೆಟರಿಯ ಫೋನು ಬಡಿದುಕೊಂಡಿತು. ಅರ್ಧ ಗಡ್ಡ ಬೋಳಿಸಿದ್ದ ಆ ಹಿರಿಯರು ಉಳಿದರ್ಧದ ಸಮೇತ ತಾರಸಿಗೆ ಓಡಿ ಬಂದು, ನಿಂತಲ್ಲೇ ನಿಂತರು.

"ಅಯ್ಯಯ್ಯೋ! ಟ್ಯಾಂಕಿಗೆ ಕೊಂಬು ಬಂದಿದೆ!"

ಟ್ಯಾಂಕಿನ ಹೊಟ್ಟೆಯಿಂದ ಮೊಳದುದ್ದದ ಈಟಿ ಹೊರಚಾಚಿತ್ತು. ಅದರ ಸುತ್ತಲಿಂದ ಚಿಮ್ಮಿದ ನೀರು ನೇರವಾಗಿ ಅವರ ಉಳಿದರ್ಧ ಗಡ್ಡದ ನೊರೆಯನ್ನು ತೊಳೆಯಿತು.

"ಗಾಬರಿ ಆಗ್ಬೇಡಿ ಸಾರ್, ನಾನೇ!" ಎಂದಿತು ಟ್ಯಾಂಕು.

"ನಾನೇ ಅಂದ್ರೆ ಯಾರು?"

"ಎರಡನೇ ಮಹಡಿ!"

"ಎರಡನೇ ಮಹಡಿಗೆ ಟ್ಯಾಂಕಲ್ಲಿ ಏನು ಕೆಲಸ?"

"ಹೋಲಿಸಿ ನೋಡ್ತಿದ್ದೆ ಸಾರ್!"

ಅಷ್ಟರಲ್ಲಿ ಮನೆಯಾಕೆ ಬಂದಳು. ತಲೆ ತುಂಬ ಶಾಂಪೂವಿನ ನೊರೆ, ಕಣ್ಣು ತುಂಬ ಕೆಂಡ. ಟ್ಯಾಂಕಿನ ಬಾಯಲ್ಲಿ ಗಂಡನ ತಲೆ, ಎರಡು ತೋಳು, ಅರ್ಧ ಹೊಟ್ಟೆ. ಹೊರಬರುವ ಉತ್ಸಾಹದಲ್ಲಿ ಅವರು ಅಲ್ಲೇ ಸಿಕ್ಕಿಕೊಂಡಿದ್ದರು.

"ಯಾರು, ನೀನಾ? ಕಾಣಿಸ್ತಿಲ್ಲ ಕಣೇ. ಕೇಳು, ದುಬಾರಿ ಕೋವಿಯ ಸಮತೋಲ ಇದೆಯಲ್ಲಾ, ಅದ್ಭುತ!"

"ನಿಮ್ಮ ಸಮತೋಲಕ್ಕಿಷ್ಟು! ಉಸಿರು ಪೂರ್ತಿ ಬಿಟ್ಟು ಹಿಡ್ಕೊಳ್ಳಿ, ಎಳೀತೀನಿ."

ಹಿಡಿದರು. ಆಕೆ ಕೈ ಹಾಕುವಷ್ಟರಲ್ಲಿ ಕೆಮ್ಮು ಬಂತು, ಹೊಟ್ಟೆ ಮತ್ತೆ ಉಬ್ಬಿತು. ಇನ್ನೊಮ್ಮೆ ಹಿಡಿದರು, ಇನ್ನೊಮ್ಮೆ ಬಿಟ್ಟರು. ಒಂದು ಕಾಲದಲ್ಲಿ ನೀರಿನಡಿಯ ಬಂಡೆಗಳ ಸಂದಿಯೆಲ್ಲ ಹುಡುಕಿ ಬರುತ್ತಿದ್ದ ಉಸಿರು ಈಗ ಟ್ಯಾಂಕಿನ ಬಾಯಿ ದಾಟುವಷ್ಟೂ ನಿಲ್ಲುತ್ತಿರಲಿಲ್ಲ! ಯಜಮಾನರ ಮುಖ ಸಪ್ಪಗಾಯಿತು. ಎರಡು ಕೋವಿಗಳನ್ನು ತೂಗಿ ನೋಡಿದ್ದರೇ ಹೊರತು, ಹಿಡಿಯುವವನನ್ನು ತೂಗಿ ನೋಡಿರಲಿಲ್ಲ.

ಕೊನೆಗೆ ಆಕೆ ತನ್ನ ತಲೆಯ ನೊರೆಯನ್ನೆಲ್ಲ ಎರಡು ಕೈಯಿಂದ ಬಾಚಿ ಗಂಡನ ಹೊಟ್ಟೆಯ ಸುತ್ತ ಸವರಿ, ಸೆಕ್ರೆಟರಿಯವರ ನೆರವಿನಿಂದ ಒಮ್ಮೆ ಜಗ್ಗಿದಳು. ಯಜಮಾನರು ಬಾಟಲಿಯ ಬಿರಡೆಯಂತೆ ಹೊರಗೆ ಹಾರಿದರು.

ಸೆಕ್ರೆಟರಿಯವರು ಪ್ಲಂಬರನ್ನು ಕರೆಯಲು ಬೈಯುತ್ತಾ ಇಳಿದುಹೋದರು. ತಾರಸಿಯಲ್ಲಿ ಗಂಡ ಹೆಂಡಿರಿಬ್ಬರೇ ಉಳಿದರು. ಆಕೆ ಅಂಗಿಯ ಜೇಬಿನಿಂದ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ತಾನೇ ಅವರ ಮೂಗಿನ ಮೇಲಿಟ್ಟಳು. ಮಂಜು ಕರಗಿತು. ತಾರಸಿಯಿಂದ ಸಮುದ್ರ ಅಂಗೈಯಗಲ ಇರಲಿಲ್ಲ, ಇಡಿಯಾಗಿ ಬಿದ್ದಿತ್ತು. ಇಬ್ಬರೂ ಒದ್ದೆ ಕೂದಲಿನಲ್ಲೇ ನೋಡುತ್ತಾ ಕೂತರು.

"ನನಗೆ ಉಸಿರೇ ಉಳಿದಿಲ್ಲ ಕಣೇ," ಎಂದರು ಯಜಮಾನರು ಮೆಲ್ಲಗೆ. "ಕೋವಿ ಯಾವುದಾದರೇನು?"

"ನನಗಿದೆ," ಎಂದಳು ಆಕೆ.

"ಏನು?"

"ಉಸಿರು. ಆಗ ನೀವು ಮುಳುಗಿದಾಗೆಲ್ಲ ಬಂಡೆ ಮೇಲೆ ನಾನೂ ಉಸಿರು ಹಿಡೀತಿದ್ದೆ. ನೀವು ಮೇಲೆ ಬರೋ ತನಕ ಬಿಡಬಾರದು ಅಂತ. ಆ ಅಭ್ಯಾಸ ಹೋಗೇ ಇಲ್ಲ. ಈಗಲೂ ಪಾತ್ರೆ ತೊಳೀತಾ ಕಿಟಕಿ ನೋಡಿದಾಗ ಹಿಡೀತೀನಿ." ಆಕೆ ಕಿವಿಯ ಹಿಂದೆ ಉಳಿದ ನೊರೆಯನ್ನು ಸೆರಗಿನಿಂದ ಒರೆಸಿಕೊಂಡಳು. "ಈಜು ಕಲಿತಿದ್ದು ನಾನು ನಿಮಗಿಂತ ಮೊದಲು ಕಣ್ರೀ. ಕನ್ನಡಕ ಯಾರಾದ್ರೂ ಕಾಯಬೇಕಿತ್ತಲ್ಲ, ಅದಕ್ಕೇ ಕೂತಿದ್ದೆ. ನನಗೂ ಒಳಗೆ ಹೋಗೋ ಆಸೆ ತುಂಬಾ ಇತ್ತು."

ಯಜಮಾನರು ಆಕೆಯತ್ತ ತಿರುಗಿದರು. ಇಷ್ಟು ವರ್ಷ ಆ ಕಿಟಕಿಯನ್ನು ತಾವೊಬ್ಬರೇ ನೋಡುತ್ತಿದ್ದೇವೆ ಎಂದುಕೊಂಡಿದ್ದರು.

ಸಂಜೆ ಮೈದುನ ಬಂದು ಟ್ಯಾಂಕನ್ನು ಸುತ್ತಿ ಬಂದು, ಕೋವಿಯನ್ನು ತಿರುಗಿಸಿ ಮುರುಗಿಸಿ ನೋಡಿದ. "ಕೋವಿಗೆ ಒಂದು ಗೀರೂ ಬಿದ್ದಿಲ್ಲ ಭಾವ! ಇಷ್ಟು ದಪ್ಪದ ಟ್ಯಾಂಕು ತೂತಾಗಿದೆ ಅಂದ್ರೆ ಮಾಲು ಒಳ್ಳೇದೇ. ಹೇಳಿ, ಇದೋ? ಅದೋ?"

"ಎರಡೂ ಬೇಡ," ಎಂದಳು ಮನೆಯಾಕೆ. ಬಾಲ್ಕನಿಗೆ ಹೋಗಿ ಬನಿಯನ್ನುಗಳನ್ನೆಲ್ಲ ಕೊಡವಿ ಕೆಳಗಿಳಿಸಿ, ಹಳೆಯ ಕೋವಿಯನ್ನು ತಂದು ತಮ್ಮನ ಕೈಗಿತ್ತಳು. "ಇದಕ್ಕೆ ಹೊಸ ರಬ್ಬರು, ಹೊಸ ಈಟಿ ಹಾಕ್ಕೊಡೋ. ಇಷ್ಟು ವರ್ಷ ಬಿಸಿಲಲ್ಲಿ ಒದ್ದೆ ಬಟ್ಟೆ ಹೊತ್ತಿದೆ. ಬಾಗಿದೆಯಾ ನೋಡು."

ಮೈದುನ ಒಂದು ಕಣ್ಣು ಮುಚ್ಚಿ ನೋಡಿದ. ಬಾಗಿರಲಿಲ್ಲ.

ಭಾನುವಾರ ಪ್ರತಿಜ್ಞೆಯಂತೆ ಸಮುದ್ರಕ್ಕೆ ಇಳಿದದ್ದಾಯಿತು. ಇಳಿದವಳು ಆಕೆ. ಯಜಮಾನರು ಬಂಡೆಯ ಮೇಲೆ ಕೂತು ಚಪ್ಪಲಿ, ಬಟ್ಟೆಯ ಚೀಲ, ಕೆಂಪು ಟವೆಲು ಕಾದರು. ಆಕೆ ಮುಳುಗಿದಳು, ಇವರೂ ಉಸಿರು ಹಿಡಿದರು. ಇವರ ಉಸಿರು ಮುಗಿಯಿತು, ಆಕೆ ಬರಲಿಲ್ಲ. ಮತ್ತೆ ಹಿಡಿದರು, ಮತ್ತೆ ಮುಗಿಯಿತು.  ಎದ್ದು ನಿಂತು ಟವೆಲು ಬೀಸಿ, "ಇಲ್ಲಿದೀನಿ ಕಣೇ, ಇಲ್ಲಿ!" ಎಂದು ಖಾಲಿ ನೀರಿಗೆ ಕೂಗಿದರು. ಬಂಡೆಯ ಮೇಲೆ ಕೂರುವುದು ಇಷ್ಟು ಕಷ್ಟದ ಕೆಲಸವೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಆಕೆ ತಲೆ ಎತ್ತಿದಳು. ಈಟಿಯ ತುದಿಯಲ್ಲಿ ಮೀನಿರಲಿಲ್ಲ. ಮುಖದ ತುಂಬ ಮಾತ್ರ, ಮದುವೆಯಾದ ಹೊಸತರಲ್ಲೂ ಅವರು ನೋಡಿರದಂಥ ನಗು.

"ನೀವ್ಯಾಕ್ರೀ ಏದುಸಿರು ಬಿಡ್ತಿದೀರಿ? ಮುಳುಗಿದ್ದು ನಾನಲ್ವಾ?"

ಯಜಮಾನರು ಬಂಡೆಯ ಅಂಚಿಗೆ ಬಂದರು. ಹೆಂಡತಿಗೆ ಏನಾದರೂ ಕೊಡಬೇಕು, ಈಗಲೇ ಕೊಡಬೇಕು ಎನಿಸಿತು. "ಆ ತೇಗದ್ದನ್ನ ತಗೊಂಡುಬಿಡ್ತೀನಿ ಕಣೇ, ನಿನಗೋಸ್ಕರ! ಎಷ್ಟಾದರೂ ಆಗಲಿ!" ಎಂದು ಕೂಗಿದರು.

"ಕೋವಿ ಬೇಡ! ತೇಗದ್ದೇ ತರೋದಾದ್ರೆ ಒಂದು ಕುರ್ಚಿ ತನ್ನಿ. ದುಬಾರಿದೇ ತನ್ನಿ, ಗಟ್ಟಿಯಾಗಿರ್ಲಿ," ಎಂದು ಆಕೆ ಮುಖವಾಡ ಸರಿಮಾಡಿಕೊಂಡಳು. "ನೀವು ಇನ್ನು ತುಂಬಾ ಭಾನುವಾರ ಕೂರೋದಿದೆ!"

ಅಂದವಳೇ ಮತ್ತೆ ಮುಳುಗಿದಳು. ಯಜಮಾನರು ಗಬಕ್ಕನೆ ಉಸಿರು ಹಿಡಿದರು.