ಒಂದೇ ಮನೆಯಲ್ಲಿ ಐದು ಗ್ರಹ

ಒಂದು ಭಾನುವಾರ ಬೆಳಿಗ್ಗೆ ನಾನು ಘೋರ ಪ್ರತಿಜ್ಞೆ ಮಾಡಿದೆ: ಇನ್ನು ಮುಂದೆ ನಮ್ಮ ಮನೆಯ ಒಂದೇ ಒಂದು ಜಾತಕವೂ ಹೊರಗಿನವರ ಕೈಗೆ ಹೋಗಕೂಡದು! ನವಗ್ರಹಗಳೆಲ್ಲ ನನ್ನ ಊಟದ ಮೇಜಿನ ಮೇಲೇ ಬಂದು ಹಾಜರಿ ಹಾಕಬೇಕು!

ಈ ಶೌರ್ಯಕ್ಕೆ ಕಾರಣವಿದೆ. ಇಪ್ಪತ್ತೆರಡು ವರ್ಷಗಳಿಂದ ನಾನು ಒಂದು ಕಚೇರಿಯ ದಾಖಲೆ ಕೊಠಡಿಯಲ್ಲಿ ಕಡತ ಹುಡುಕುವವನು. ಅಲ್ಲಿ ನನ್ನ ಮಾತು ಕೇಳುವುದು ಧೂಳು ಮಾತ್ರ. ಮನೆಗೆ ಬಂದರೆ ಅದೂ ಇಲ್ಲ, ಹೆಂಡತಿ ದಿನಾ ಗುಡಿಸುತ್ತಾಳೆ. ಸುಸ್ತಾಗಿಹೋಗಿದ್ದೆ. ಎಂಥ ಸುಸ್ತು ಎಂದರೆ, ರಜೆಯ ದಿನ ಹತ್ತು ಗಂಟೆ ಮಲಗಿ ಎದ್ದರೆ ಮಲಗಿದ್ದರ ಸುಸ್ತು! ಅಂಥವನ ಕೈಗೆ ಗ್ರಹಯುತಿಗಳ ಪುಸ್ತಕವೊಂದು ಸಿಕ್ಕಿತು. ಎರಡು ಗ್ರಹ ಒಂದು ಮನೆಯಲ್ಲಿ ಸೇರಿದರೆ ಏನು, ಮೂರು ಸೇರಿದರೆ ಏನು ಎಂದು ಎರಡು ತಿಂಗಳು ಬಸ್ಸಿನಲ್ಲಿ ನಿಂತುಕೊಂಡೇ ಬಾಯಿಪಾಠ ಮಾಡಿದೆ. ಜಾತಕ ಹಾಕಿಕೊಡಲು ಫೋನಿನಲ್ಲಿ ಒಂದು ಆ್ಯಪ್ ಕೂಡ ಬಂದು ಕೂತಿತು.

ಸಮಯಕ್ಕೆ ಸರಿಯಾಗಿ ಗಿರಾಕಿಯೂ ಸಿಕ್ಕರು. ನನ್ನ ನಾದಿನಿ, ಅಂದರೆ ಹೆಂಡತಿಯ ತಂಗಿ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಕೊನೆಗೂ ಒಬ್ಬರನ್ನು ಮೆಚ್ಚಿದ್ದಳು. ಕನ್ನಡಕದ ಅಂಗಡಿ ಇಟ್ಟವರು, ಮಾತು ಕಮ್ಮಿ. ಮದುವೆಯ ನೋಂದಣಿಗೆ ಇನ್ನು ಹನ್ನೆರಡೇ ದಿನ. ನಮ್ಮ ಜೊತೆಯಲ್ಲೇ ಇರುವ ಅತ್ತೆ ಮಾತ್ರ, "ಹುಡುಗನ ಜಾತಕ ಒಂದ್ಸಲ ಯಾರಿಗಾದ್ರೂ ತೋರಿಸಿಬಿಡಿ" ಎಂದು ಪಟ್ಟು ಹಿಡಿದಿದ್ದರು.

"ಯಾರಿಗೋ ಯಾಕೆ ಅತ್ತೆ? ನಾನಿಲ್ವಾ!" ಎಂದೆ.

"ಅದೇ ಭಯ," ಎಂದಳು ಹೆಂಡತಿ.

ಕೈ ಪಳಗಲಿ ಎಂದು ಮೊದಲು ನನ್ನ ಜಾತಕವನ್ನೇ ಹಾಕಿದೆ. ನೋಡುತ್ತೇನೆ, ರವಿ, ಚಂದ್ರ, ಬುಧ, ಶುಕ್ರ, ಶನಿ ಐವರೂ ಒಂದೇ ಮನೆಯಲ್ಲಿ! ಬೆಳಿಗ್ಗೆ ನಮ್ಮ ಮನೆಯ ಒಂದೇ ಬಚ್ಚಲಿನ ಮುಂದೆ ಎಲ್ಲರೂ ಟವೆಲ್ ಹಿಡಿದು ನಿಲ್ಲುವ ಹಾಗೆ ಒತ್ತಿಕೊಂಡು ನಿಂತಿದ್ದರು. ಅದರಲ್ಲೂ ರವಿ ಅಪ್ಪ, ಶನಿ ಮಗ, ಇಬ್ಬರಿಗೂ ಬದ್ಧದ್ವೇಷ. ಪುಸ್ತಕ ತೆರೆದೆ. ನಾಲ್ಕೋ ಅದಕ್ಕಿಂತ ಹೆಚ್ಚೋ ಗ್ರಹ ಒಟ್ಟಿಗೆ ಕೂತರೆ ವೈರಾಗ್ಯ, ಸನ್ಯಾಸ!

ನನಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಸುಸ್ತು ಎಂದುಕೊಂಡಿದ್ದದ್ದು ಸುಸ್ತೇ ಅಲ್ಲ, ವೈರಾಗ್ಯ! ನಾನು ಸೋಮಾರಿಯಲ್ಲ, ಋಷಿ!

ಆಮೇಲೆ ಅತ್ತೆಯ ಜಾತಕ ಹಾಕಿದೆ. ಅಲ್ಲೂ ಅದೇ ಐವರು. ಅತ್ತೆ ಕೈಯಲ್ಲಿದ್ದ ಸೌಟು ಕೆಳಗಿಟ್ಟರು. "ನಂಗೆ ಮೊದ್ಲೇ ಅನುಮಾನ ಇತ್ತು ಅಳಿಯಂದಿರೇ. ಈ ಅಡುಗೆಮನೇಲಿ ನಿಂತೂ ನಿಂತೂ ವೈರಾಗ್ಯ ಬರ್ದೆ ಇನ್ನೇನು ಬರುತ್ತೆ?" ಎಂದವರೇ ಸೋಫಾದ ಮೇಲೆ ಕಾಲು ನೀಡಿ ಕುಳಿತರು. ಮಧ್ಯಾಹ್ನ ಬ್ರೆಡ್ಡು ತಿಂದೆವು.

ಮೂರನೆಯದು ಕನ್ನಡಕದವರ ಜಾತಕ. ಮತ್ತೆ ಐವರು!

"ರೀ, ಅಮ್ಮನಿಗೆ ಅರವತ್ತೆಂಟು, ಅವರಿಗೆ ಮೂವತ್ತಾರು. ಇಬ್ಬರಿಗೂ ಅದೇ ಐದು ಗ್ರಹ ಹೇಗ್ರೀ?" ಹೆಂಡತಿ ಕೇಳಿದಳು.

"ಒಂದೇ ಯೋಗದವರು ಒಂದೇ ಮನೆಗೆ ಬಂದು ಸೇರ್ತಾರೆ. ಶಾಸ್ತ್ರ ಗೊತ್ತಿಲ್ಲದವರು ಸುಮ್ನಿರಬೇಕು!"

ನಾದಿನಿಯ ಮುಖ ಬಾಡಿತು. "ಭಾವ, ಹೋದ ತಿಂಗಳು ಅವರು ಹತ್ತು ದಿನ ಮೌನ ಶಿಬಿರಕ್ಕೆ ಹೋಗಿದ್ರು..."

"ಶುರುವಾಗಿದೆ ಅನ್ನು!" ಎಂದೆ ಗಂಭೀರವಾಗಿ. ನನಗೇನು ದುರ್ಬುದ್ಧಿ ಬಂತೋ, "ಮದುವೆಯಾದ ಮೂರೇ ವರ್ಷಕ್ಕೆ ಅಂಗಡಿ ಮುಚ್ಚಿ ಕಾಡಿಗೆ ಹೋಗ್ತಾರೆ" ಎಂದು ಕಾಲಾವಧಿಯನ್ನೂ ಸೇರಿಸಿಬಿಟ್ಟೆ. ಅವಳು ಕೋಣೆ ಸೇರಿ ಚಿಲಕ ಹಾಕಿಕೊಂಡಳು. ಅವರಿಗೆ "ಮದುವೆ ಬೇಡ" ಎಂದು ಒಂದೇ ಸಾಲು ಕಳಿಸಿದಳಂತೆ. ಹೆಂಡತಿ ನನ್ನೊಡನೆ ಮಾತು ಬಿಟ್ಟಳು.

ಮರುದಿನ ಸಂಜೆ ನಾನು ಕಚೇರಿಯಿಂದ ಬಂದು ಬ್ರೆಡ್ಡಿಗೆ ಕೈ ಹಾಕುವಷ್ಟರಲ್ಲಿ ಕನ್ನಡಕದವರು ಅಂಗಡಿಯ ಚೀಲದ ಸಮೇತ ಬಂದರು. "ಕಾರಣ ಕೇಳ್ಕೊಂಡು ಹೋಗೋಣ ಅಂತ ಬಂದೆ" ಎಂದರು. ನಾನು ಫೋನು ತೆಗೆದು, ಅವರ ಜಾತಕ ತೋರಿಸಿ, ಐದು ಗ್ರಹಗಳ ಕಥೆ ಬಿಚ್ಚಿದೆ. ಅವರು ಫೋನು ನೋಡಲಿಲ್ಲ, ನನ್ನನ್ನೇ ನೋಡಿದರು.

"ಭಾವ, ಫೋನ್ ಯಾಕೆ ಅಷ್ಟು ದೂರ ಹಿಡ್ಕೊಂಡಿದೀರಿ?"

"ಶಾಸ್ತ್ರ ಅಲ್ವಾ? ದೂರದೃಷ್ಟಿ ಬೇಕು."

ಅವರು ಚೀಲದಿಂದ ಕಣ್ಣು ಪರೀಕ್ಷಿಸುವ ಒಂದು ಭಾರದ ಚೌಕಟ್ಟು ತೆಗೆದು ನನ್ನ ಮೂಗಿನ ಮೇಲೆ ಕೂರಿಸಿ, ಒಂದೊಂದೇ ಗಾಜು ಹಾಕತೊಡಗಿದರು.

"ಈಗ?"

"ಮಂಜು ಮಂಜು."

"ಈಗ?"

"ಆಹಾ! ನೀವು ಕಾಣ್ತಿದೀರಿ."

"ನನ್ನನ್ನಲ್ಲ ಭಾವ. ಜಾತಕದ ಕೆಳಗಿನ ಸಣ್ಣ ಸಾಲು ಓದಿ."

ಓದಿದೆ. 'ಜನ್ಮ ವಿವರ ಉಳಿಸಿಲ್ಲ. ಈ ಕ್ಷಣದ ಗ್ರಹಸ್ಥಿತಿ ತೋರಿಸಲಾಗುತ್ತಿದೆ: ಸೋಮವಾರ, ಸಂಜೆ 6.50.' ತಲೆಯೆತ್ತಿದೆ. ಗೋಡೆಯ ಗಡಿಯಾರದಲ್ಲೂ ಆರು ಐವತ್ತು!

ಒಂದು ದಿನದ ಮೌನ ಮುರಿದು ಹೆಂಡತಿ ಹೇಳಿದಳು: "ಅಂದ್ರೆ ಈ ಜಾತಕದ ಮಗು ಈಗ ತಾನೇ ಹುಟ್ಟಿದೆ! ಅದನ್ನ ನೆಚ್ಕೊಂಡು ನನ್ನ ತಂಗಿ ಮದುವೆ ಮುರಿದ್ರಲ್ಲಾ!"

'ಉಳಿಸಿ' ಎಂಬುದನ್ನು ಒತ್ತಿದೆ. ಕನ್ನಡಕದವರ ಗ್ರಹಗಳು ತಮ್ಮ ತಮ್ಮ ಮನೆಗೆ ಹೊರಟುಹೋದವು. ನಾದಿನಿ ಕೋಣೆಯಿಂದ ಬಂದು ಅಳುತ್ತಲೇ ನಕ್ಕಳು. "ನಿಮ್ಮನ್ನ ನಂಬಿದ್ದಕ್ಕೆ ನನಗೆ ನಾನೇ ಹೊಡ್ಕೋಬೇಕು ಭಾವ!" ಎಂದು ಹೋಗಿ ಅವರ ಪಕ್ಕದಲ್ಲಿ ಕುಳಿತಳು. ಅವರು ಅವಳಿಗೆ ಕರವಸ್ತ್ರ ಕೊಟ್ಟರು.

ನನ್ನ ಜಾತಕವನ್ನೂ ಉಳಿಸಿ ನೋಡಿದೆ. ಐದು ಗ್ರಹ, ಐದು ದಿಕ್ಕು. ವೈರಾಗ್ಯದ ಸುಳಿವಿಲ್ಲ. ನಿಜ ಹೇಳುತ್ತೇನೆ, ಸಂಕಟವಾಯಿತು. ಇಪ್ಪತ್ತೆರಡು ವರ್ಷದ್ದು ಬರೀ ಸುಸ್ತೇ!

ಆದರೂ ಹೊಟ್ಟೆ ಬಿಡಬೇಕಲ್ಲ. "ಅತ್ತೆ, ನಿಮಗೂ ಆ ಯೋಗ ಇಲ್ಲ. ಇನ್ನು ಅಡುಗೆಮನೆಗೆ..." ಎಂದೆ ಮೆಲ್ಲಗೆ.

ಅತ್ತೆ ಸೋಫಾದಿಂದ ಕದಲಲಿಲ್ಲ. "ಬೇಡಿ ಅಳಿಯಂದಿರೇ. ಮೂರು ಜನಕ್ಕೆ ಭವಿಷ್ಯ ಹೇಳಿದ್ರಿ. ಒಂದಾದ್ರೂ ನಿಜ ಆಗ್ದಿದ್ರೆ ನಿಮ್ಮ ಮರ್ಯಾದೆ ಏನಾಗ್ಬೇಕು? ನಿಮಗೋಸ್ಕರ ನನ್ನ ವೈರಾಗ್ಯ ನಾನು ಹಾಗೇ ಇಟ್ಕೋತೀನಿ!"

ಅವತ್ತಿನಿಂದ ಎರಡು ಹೊತ್ತಿನ ಅಡುಗೆ ನನ್ನದು. ಕನ್ನಡಕದವರು ಕೊಟ್ಟ ಹೊಸ ಕನ್ನಡಕದಲ್ಲಿ ತೊಳೆಯಬೇಕಾದ ಪಾತ್ರೆಗಳು ಒಂದೂ ಬಿಡದೆ ಸ್ಪಷ್ಟವಾಗಿ ಕಾಣುತ್ತವೆ. ವೈರಾಗ್ಯ ಬರುತ್ತಿದೆ, ಯಾವ ಗ್ರಹದ ಸಹಾಯವೂ ಇಲ್ಲದೆ!