ದೋಣಿಯಲ್ಲಿ ಹತ್ತು ಕಿಲೋ ಸೋನಾಮಸೂರಿ

ನನ್ನ ತೂಕ ಐವತ್ತೆರಡು ಕಿಲೋ. ಇದನ್ನು ಇಷ್ಟು ದಿನ ಡಾಕ್ಟರಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಹೇಳುವ ಅಗತ್ಯವೂ ಬಿದ್ದಿರಲಿಲ್ಲ, ನೋಡಿದವರಿಗೆ ತಾನಾಗಿಯೇ ತಿಳಿಯುತ್ತಿತ್ತು. ಮದುವೆಯ ದಿನ ನನಗಿಂತ ನನ್ನ ಹಾರವೇ ಭಾರ ಎಂದು ಸೋದರಮಾವ ಹೇಳಿದ್ದು ನಮ್ಮ ಮನೆಯಲ್ಲಿ ಇನ್ನೂ ಚಾಲ್ತಿಯಲ್ಲಿದೆ. ಮೆಲ್ಬರ್ನಿಗೆ ಬಂದು, ವಿಂಡಮ್ ವೇಲ್‌ನಲ್ಲಿ ಮನೆ ಕಟ್ಟಿಸಿ, ಇನ್ನು ತೂಕದ ಮಾತು ಮುಗಿಯಿತು ಎಂದುಕೊಂಡಾಗ ಮಗಳು ಅನಘಾ ಹಾಯಿದೋಣಿ ಕಲಿಯಲು ಹೊರಟಳು.

ಇಬ್ಬರು ಕೂರುವ ಪುಟ್ಟ ದೋಣಿ. ಹದಿಮೂರು ವರ್ಷದ ಅವಳು ಜೊತೆಗೆ ನನ್ನನ್ನೇ ಆರಿಸಿಕೊಂಡಾಗ ಉಬ್ಬಿಹೋದೆ. ಚುಕ್ಕಾಣಿ ಅವಳದು, ಹಾಯಿಯ ಹಗ್ಗ ನನ್ನದು. ಗಾಳಿ ಜೋರಾದರೆ ಇಬ್ಬರೂ ಅಂಚಿನಿಂದ ಹೊರಕ್ಕೆ ಬಾಗಿ, ನಮ್ಮ ತೂಕದಿಂದಲೇ ದೋಣಿಯನ್ನು ನೆಟ್ಟಗೆ ಇಡಬೇಕು. ಹಗುರ ಇರುವವರು ಗಾಳಿಯ ಜೊತೆ ಗುದ್ದಾಡಬಾರದು, ಬೀಸು ಬಡಿಯುವ ಮೊದಲೇ ಹಗ್ಗ ಸಡಿಲಿಸಿ ದೋಣಿಯ ಮೂತಿಯನ್ನು ಸ್ವಲ್ಪ ಗಾಳಿಯತ್ತ ತಿರುಗಿಸಬೇಕು ಎಂದು ಕೋಚ್ ಹತ್ತು ಸಲ ಹೇಳಿದ್ದರು. ಕೊನೆಗೆ ಇನ್ನೊಂದು ಮಾತೂ ಸೇರಿಸಿದರು: ಶನಿವಾರದ ಜೋರು ಗಾಳಿಯಲ್ಲಿ ಮಗುಚದೆ ಒಂದು ಸುತ್ತು ಬಂದರೆ ಸರಿ, ಇಲ್ಲವಾದರೆ ಅದರ ಮುಂದಿನ ವಾರದ ರೇಸಿನಲ್ಲಿ ಅನಘಾಳ ಜೊತೆ ಭಾರದವರು ಯಾರಾದರೂ ಕೂರಲಿ.

ಗಾಬರಿಯಲ್ಲಿ ಸಿಡ್ನಿಯ ಕೆಲ್ಲಿವಿಲ್‌ನಲ್ಲಿರುವ ಗೆಳೆಯ ನಾಗರಾಜನಿಗೆ ಫೋನ್ ಮಾಡಿದೆ. ದೋಣಿ ಅಂತ ಅವನು ಹತ್ತಿದ್ದು ಫೆರಿ ಮಾತ್ರ. "ತೂಕ ಸಾಲ್ತಿಲ್ಲ ಅಂದ್ರೆ ತೂಕ ಹಾಕೋ ಗುರೂ, ಅಷ್ಟೇ" ಎಂದ. ಶನಿವಾರ ಹೆಂಡತಿ ಸ್ನಾನಕ್ಕೆ ಹೋದ ಹೊತ್ತು ನೋಡಿ, ಅಕ್ಕಿ ಡಬ್ಬದಲ್ಲಿದ್ದ ಐದೈದು ಕಿಲೋದ ಎರಡು ಸೋನಾಮಸೂರಿ ಚೀಲ ಎತ್ತಿಕೊಂಡು ಹೋಗಿ, ದೋಣಿಯ ತಳದಲ್ಲಿಟ್ಟು ಟವೆಲ್ ಮುಚ್ಚಿದೆ.

ದಡ ಬಿಟ್ಟು ಸ್ವಲ್ಪ ದೂರ ಹೋಗಿದ್ದೆವು. ಕೊಲ್ಲಿಯ ನೀರು ಗಾಳಿಗೆ ಕಪ್ಪಾಗುತ್ತ ನಮ್ಮ ಕಡೆಗೇ ಬಂತು. "ಡ್ಯಾಡ್, ಗಸ್ಟ್" ಎಂದು ಅನಘಾ ಬೀಸಿನ ಎಚ್ಚರಿಕೆ ಕೊಟ್ಟಳು. ಹಗ್ಗ ಬಿಡಬೇಕಿತ್ತು. ಆದರೆ ನಾನು ಬೆಂಗಳೂರಿನ ಬಸ್ಸಿನ ಫುಟ್‌ಬೋರ್ಡಿನಲ್ಲಿ ನಿಂತೇ ಕಾಲೇಜು ಮುಗಿಸಿದವನು. ವಾಲಿದಾಗ ಕೈಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿಯುವುದಷ್ಟೇ ಈ ಕೈಗಳಿಗೆ ಗೊತ್ತು. ಇನ್ನೂ ಬಿಗಿಯಾಗಿ ಹಿಡಿದೆ. ದೋಣಿ ವಾಲಿತು, ಟವೆಲ್ಲಿನಡಿಯ ಎರಡೂ ಚೀಲ ಜಾರಿ ತಗ್ಗಿದ ಬದಿಗೇ ಹೋಗಿ ಕೂತವು. ನೀರು ಅಂಚು ದಾಟಿ ಒಳಗೆ ಸುರಿಯಿತು. ನನಗೆ ನಿಜವಾಗಿಯೂ ಭಯವಾಯಿತು. ಮುಳುಗುವ ಭಯವಲ್ಲ, ಮೈಮೇಲೆ ಲೈಫ್ ಜಾಕೆಟ್ ಇತ್ತು. ಮುಂದಿನ ವಾರ ಅವಳ ಪಕ್ಕದಲ್ಲಿ ಬೇರೆಯವರು ಕೂತಿರುತ್ತಾರೆ, ನಾನು ದಡದಲ್ಲಿ ಅವಳ ಚಪ್ಪಲಿ ಕಾಯುತ್ತಿರುತ್ತೇನೆ ಎಂಬ ಭಯ.

"ಡ್ಯಾಡ್, ಜಸ್ಟ್ ಲೆಟ್ ಗೋ." ಅವಳು ಕಿರುಚಲಿಲ್ಲ, ಹಲ್ಲು ಕಚ್ಚಿ ಹೇಳಿದಳು.

ಬೆರಳು ಬಿಡಿಸಿದೆ. ಹಗ್ಗ ಸರ್ರನೆ ಓಡಿತು, ಹಾಯಿ ಪಟಪಟನೆ ಬಡಿಯಿತು, ಅವಳು ಮೂತಿ ತಿರುಗಿಸಿದಳು. ಇಬ್ಬರೂ ಬೆನ್ನು ನೀರಿಗೆ ತಾಗುವಷ್ಟು ಹೊರಕ್ಕೆ ಬಾಗಿದೆವು. ದೋಣಿ ನಿಧಾನವಾಗಿ ನೆಟ್ಟಗಾಯಿತು. ಆಮೇಲೆ ಪ್ರತಿ ಬೀಸಿಗೂ ಅದೇ ಕೆಲಸ: ಬಿಡುವುದು, ಬಾಗುವುದು, ಮತ್ತೆ ಎಳೆದುಕೊಳ್ಳುವುದು. ಹಾಗೆಯೇ ಮಗುಚದೆ ಸುತ್ತು ಮುಗಿಸಿದೆವು.

ದಡದಲ್ಲಿ ಕೋಚ್ ದೋಣಿಯೊಳಗೆ ಇಣುಕಿ, ಒಡೆದ ಚೀಲಗಳನ್ನೂ ನೆನೆದ ಅಕ್ಕಿಯನ್ನೂ ನೋಡಿದರು. ರೇಸಿಗೆ ಜೊತೆ ಯಾರು ಎಂದಷ್ಟೇ ಕೇಳಿದರು. ಅನಘಾ ನನ್ನತ್ತ ಬೆರಳು ತೋರಿಸಿದಳು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ, ಆಮೇಲೆ ಮೆಲ್ಲಗೆ, "ಅಕ್ಕಿ ಬೇಡ ಅಪ್ಪ, ನೀನೇ ಸಾಕು" ಎಂದಳು.

ಐವತ್ತೆರಡು ಕಿಲೋ ಸಾಕು ಎಂದು ನನಗೆ ಇದುವರೆಗೆ ಯಾರೂ ಹೇಳಿರಲಿಲ್ಲ. ಆ ಖುಷಿಯಲ್ಲೇ ಮನೆಗೆ ಬಂದರೆ ಹೆಂಡತಿ ಖಾಲಿ ಅಕ್ಕಿ ಡಬ್ಬದ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಎದೆಗಟ್ಟಿ ಮಾಡಿಕೊಂಡು ನಿಜ ಹೇಳಬಹುದಿತ್ತು. ಅವಳ ಮುಖ ನೋಡಿದೆ. ಬೀಸು ಬಡಿಯುವ ಮೊದಲೇ ಕಾರಿನ ಕೀ ಎತ್ತಿಕೊಂಡು, ಅಂಗಡಿಯ ಕಡೆಗೆ ಮೂತಿ ತಿರುಗಿಸಿದೆ.