ಹಾಲಿನಲ್ಲೊಂದು ಹೆರಿಗೆ

ಪಶುವೈದ್ಯ ಕಾಲೇಜಿನ ಹೆರಿಗೆ ವಿಭಾಗದ ಮೇಷ್ಟ್ರಿಗೆ ಎರಡು ವಿಷಯಗಳಲ್ಲಿ ಎಳ್ಳಷ್ಟೂ ಸಂಶಯವಿರಲಿಲ್ಲ. ಒಂದು ತಮ್ಮ ಬಲಗೈ, ಇನ್ನೊಂದು ತಮ್ಮ ಎಡಗೈ. ತಾಯಿಯ ಹೊಟ್ಟೆಯಲ್ಲಿ ಅಡ್ಡಡ್ಡ ಮಲಗಿ ಹಠ ಹಿಡಿದ ಎಷ್ಟೋ ಕರುಗಳನ್ನು ಆ ಕೈಗಳು ಪುಸಲಾಯಿಸಿ ಭೂಲೋಕಕ್ಕೆ ಕರೆತಂದಿದ್ದವು. ಹೀಗಿರುವಾಗ ಕಾಲೇಜಿಗೊಂದು ಯಂತ್ರ ಬಂತು. ಕಣ್ಣಿಗೆ ಕಟ್ಟಿಕೊಳ್ಳಲು ಡಬ್ಬಿಯಂಥ ಕನ್ನಡಕ, ಕೈಗೊಂದೊಂದು ಹಿಡಿ. ಕಟ್ಟಿಕೊಂಡರೆ ಹೆರಿಗೆ ನೋವು ತಿನ್ನುತ್ತಿರುವ ಹಸು ಎದುರಿಗೇ ನಿಲ್ಲುತ್ತದೆ. ಕೈ ಚಾಚಿದರೆ ಒಳಗಿನ ಕರುವಿನ ಕಾಲು ಸಿಕ್ಕಂತೆ ಹಿಡಿ ನಡುಗುತ್ತದೆ. ನಿಜವಾದ ಹಸುವಿನ ಪ್ರಾಣ ತಿನ್ನದೆ ವಿದ್ಯಾರ್ಥಿಗಳು ಎಷ್ಟು ಸಲ ಬೇಕಾದರೂ ತಪ್ಪು ಮಾಡಿ ಕಲಿಯಬಹುದು.

ಇದು ಮಕ್ಕಳ ಆಟಿಕೆ, ಸಗಣಿಯ ವಾಸನೆ ಇಲ್ಲದ ವಿದ್ಯೆ ವಿದ್ಯೆಯೇ ಅಲ್ಲ ಎಂದು ಮೇಷ್ಟ್ರು ಸಭೆಯಲ್ಲಿ ಗುಡುಗಿದರು. ಪ್ರಿನ್ಸಿಪಾಲರು ಕೊನೆಯವರೆಗೂ ತಲೆದೂಗುತ್ತಾ ಕೇಳಿ, ಆಟಿಕೆಯೇ ಆದರೆ ಸೋಮವಾರ ತಾವೇ ಅದನ್ನು ವಿದ್ಯಾರ್ಥಿಗಳ ಮುಂದೆ ಆಡಿ ತೋರಿಸಬೇಕು, ಕಷ್ಟವಾದರೆ ಕಿರಿಯ ಮೇಡಂ ಇದ್ದೇ ಇದ್ದಾರೆ ಎಂದು ನಕ್ಕರು. ಕಿರಿಯ ಮೇಡಂ ಎಂದರೆ ಮೇಷ್ಟ್ರ ಹಳೆಯ ಶಿಷ್ಯೆ. ಅವಳ ಹತ್ತಿರ ಬಳಸುವುದು ಹೇಗೆಂದು ಕೇಳುವುದಕ್ಕಿಂತ ಆ ಹಸುವನ್ನೇ ಕೇಳುವುದು ಮೇಲೆಂದುಕೊಂಡು, ಮೇಷ್ಟ್ರು ಯಂತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದರು.

ಮೇಷ್ಟ್ರ ಹೆಂಡತಿ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದರು. (ಹೀಗಾಗಿ ಮನೆಯಲ್ಲೂ ಬ್ರೇಕು ಅವರ ಕಾಲ ಕೆಳಗೇ ಇತ್ತು.) ಅವರ ಸ್ಕೂಲಿನಲ್ಲೂ ಪರದೆಯ ಮುಂದೆ ಕೂತು ಓಡಿಸುವ ಕಾರೊಂದಿತ್ತು. ಅದರಲ್ಲಿ ರಾಜನ ಹಾಗೆ ಓಡಿಸಿದವರು ರಸ್ತೆಗಿಳಿದು ಗೋಡೆಗೆ ಗುದ್ದಿದ್ದನ್ನು ಅವರು ಕಣ್ಣಾರೆ ಕಂಡಿದ್ದರು.

"ರೀ, ಆ ಹಿಡಿಗಳಿಗೆ ಪಟ್ಟಿ ಇದೆ ನೋಡಿ, ಮಣಿಕಟ್ಟಿಗೆ ಹಾಕ್ಕೊಳ್ಳಿ," ಎಂದರು.

"ಕರು ಎಳೆದ ಕೈ ಕಣೇ ಇದು. ಇದಕ್ಕೆ ಪಟ್ಟಿ ಯಾಕೆ?" ಎಂದರು ಮೇಷ್ಟ್ರು.

ಭಾನುವಾರ ಮಧ್ಯಾಹ್ನ ಮನೆಯ ಹಾಲಿನಲ್ಲಿದ್ದ ಟೀಪಾಯಿ ಸರಿಸಿ, ಅಂಗಿಯ ತೋಳು ಮಡಚಿ, ಮೇಷ್ಟ್ರು ಕನ್ನಡಕ ಕಟ್ಟಿಕೊಂಡರು. ಮಗಳ ಮನೆಗೆಂದು ಬಂದಿದ್ದ ಅತ್ತೆ ಆಗ ಒಳಕೋಣೆಯಲ್ಲಿ ಮಲಗಿದ್ದರು. ಸೆಕೆ ತಾಳದೆ ಎದ್ದು ಬಂದು ಕಿಟಕಿಯ ಪಕ್ಕದ ಸೋಫಾದಲ್ಲಿ ಕೂತದ್ದು ಮೇಷ್ಟ್ರಿಗೆ ಕಾಣುವಂತಿರಲಿಲ್ಲ. ಅವರ ಕಣ್ಣ ತುಂಬಾ ಹಸುವೇ ಇತ್ತು.

"ಹೆದರ್ಕೋಬೇಡಮ್ಮ, ನಾನಿದ್ದೀನಿ," ಎಂದು ಮೇಷ್ಟ್ರು ಅಕ್ಕರೆಯಿಂದ ಶುರುಮಾಡಿದರು. ಅಳಿಯ ಇದ್ದಕ್ಕಿದ್ದಂತೆ ಏಕವಚನಕ್ಕಿಳಿದದ್ದು ಕೇಳಿ ಅತ್ತೆ ಬೆಚ್ಚಿದರು. ಮೇಷ್ಟ್ರು ಒಂದು ಸುತ್ತು ಹಾಕಿ, ಗಾಳಿಯಲ್ಲೇ ಬೆನ್ನು ತಡವಿ, ತಮ್ಮ ಅಭಿಪ್ರಾಯವನ್ನು ಪಾಠದ ಧಾಟಿಯಲ್ಲಿ ಮಂಡಿಸಿದರು. "ವಯಸ್ಸಾಗಿದೆ. ತಿಂದು ತಿಂದು ಮೈ ಬೆಳೆಸಿದೆ, ನಡೆದಾಡಿಸಿದವರೇ ಇಲ್ಲ. ಮುಖ ನೋಡಿದ್ರೆ ಒದೆಯೋ ಜಾತಿ."

ಅತ್ತೆ ಸೆರಗು ಬಿಗಿದುಕೊಂಡು ಸೋಫಾದ ಮೂಲೆಗೆ ಸರಿದರು.

ಅಷ್ಟರಲ್ಲಿ ಬಲಗೈಯ ಹಿಡಿ ಬೆವರಿಗೆ ಜಾರಿ ಸೋಫಾದಡಿಗೆ ಹೋಯಿತು. ಅದನ್ನು ಹುಡುಕುತ್ತಾ ತಡಕಾಡಿದ ಕೈಗೆ ಸಿಕ್ಕಿದ್ದು ಕಿಟಕಿಯ ಪರದೆ. ಬರಿಯ ನಡುಕದ ಜಾಗದಲ್ಲಿ ಗಟ್ಟಿಯಾದದ್ದೊಂದು ಹಿಡಿತಕ್ಕೆ ಬಂದದ್ದೇ ತಡ, ಮೇಷ್ಟ್ರೊಳಗಿನ ವೈದ್ಯ ಜಾಗೃತನಾದ. ಎಡಗಾಲನ್ನು ಸೋಫಾದ ಅಂಚಿಗೆ ಆನಿಸಿ, ಹಸು ತಿಣುಕಿದಾಗ ಎಳೆದು, ಬಿಟ್ಟಾಗ ಬಿಟ್ಟು, ಶಾಸ್ತ್ರೋಕ್ತವಾಗಿ ಎಳೆದರು. ಅಡುಗೆಮನೆಯಿಂದ ಓಡಿ ಬಂದ ಹೆಂಡತಿ "ಬ್ರೇಕ್, ಬ್ರೇಕ್" ಎಂದು ಕೂಗುವಷ್ಟರಲ್ಲಿ ತೂಗುಹಾಕಿದ್ದ ಸರಳಿನ ಸಮೇತ ಪರದೆ ಕಿತ್ತುಬಂತು. ಸರಳು ನೆಲಕ್ಕೆ ಬಿತ್ತು, ಪರದೆ ಅತ್ತೆಯ ಮೇಲೆ.

ಕನ್ನಡಕದೊಳಗಿನ ಹಸು ಇನ್ನೂ ನಿಂತೇ ಇತ್ತು, ಕರುವಿನ ಸುಳಿವಿಲ್ಲ. ಆದರೆ ಮೇಷ್ಟ್ರು ನಂಬಿದ್ದು ಕನ್ನಡಕವನ್ನಲ್ಲ, ಕೈಯನ್ನು. ಕೈಗೆ ಬೆಚ್ಚಗೆ, ದುಂಡಗೆ, ಪೊರೆ ಸುತ್ತಿಕೊಂಡು ಮಿಸುಕಾಡುವ ತಲೆಯೊಂದು ಸಿಕ್ಕಿತ್ತು. ಕರು ಹೊರಬಿದ್ದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಮೂಗಿನ ಲೋಳೆ ತೆಗೆಯುವುದು. ಮೇಷ್ಟ್ರು ಪೊರೆ ಸರಿಸಿದರು. ಎರಡು ಬೆರಳುಗಳು ತಾವಾಗಿಯೇ ಹೋಗಬೇಕಾದ ಜಾಗಕ್ಕೆ ಹೋದವು. ಮನೆ ಅದುರುವಂತೆ ಒಂದು ಸೀನು ಬಂತು.

"ಉಸಿರಾಡ್ತಿದೆ. ಬದುಕ್ತು," ಎಂದು ಮೇಷ್ಟ್ರು ತೃಪ್ತಿಯಿಂದ ಕನ್ನಡಕ ತೆಗೆದರು.

ಅತ್ತೆ ಎದ್ದು ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಮೇಷ್ಟ್ರು ಬಾಗಿಲ ಹೊರಗೆ ನಿಂತು, ತಮ್ಮಲ್ಲಿದ್ದ ಬಹುವಚನವನ್ನೆಲ್ಲ ಸುರಿದು ಕ್ಷಮೆ ಕೇಳಿದರು. ಚಿಲಕ ತೆರೆಯಲಿಲ್ಲ. ಹೆಂಡತಿ ಮಾತ್ರ, ಬೈಯುವುದನ್ನು ಮುಂದಿನ ವಾರಕ್ಕೆ ಕಾದಿರಿಸಿ, ಗಂಡನ ಮಣಿಕಟ್ಟಿಗೆ ಪಟ್ಟಿ ಬಿಗಿದು, ಕಾರು ಕಲಿಸುವಷ್ಟೇ ತಾಳ್ಮೆಯಿಂದ ಯಂತ್ರ ಕಲಿಸಿದರು. ಬೆಳಿಗ್ಗೆ ಚಹಾದ ಹೊತ್ತಿಗೆ ಅತ್ತೆಯೂ ಹೊರಬಂದರು. ಅಳಿಯ ಮಾತಾಡಿದ್ದು ಕನ್ನಡಕದೊಳಗಿನ ಹಸುವಿನ ಹತ್ತಿರ ಎಂದು ಮಗಳು ಹೇಳಿದ್ದನ್ನು ಅವರು ಅರ್ಧ ನಂಬಿದರು. ಮಿಕ್ಕ ಅರ್ಧಕ್ಕೆ ಮೇಷ್ಟ್ರೇ ಉಪಾಯ ಹೂಡಿದರು: ಇವತ್ತಿನ ಪಾಠವನ್ನು ಕಾಲೇಜಿನವರು ನೇರಪ್ರಸಾರದಲ್ಲಿ ಮೊಬೈಲಿಗೇ ಬಿಡುತ್ತಾರೆ, ಅತ್ತೆ ಆ ಹಸುವನ್ನು ತಾವೇ ನೋಡಿಬಿಡಲಿ.

ಪಾಠ ಅಮೋಘವಾಗಿ ನಡೆಯಿತು. ಮೇಷ್ಟ್ರು ಕೈಯಾಡಿಸಿದಂತೆಲ್ಲ ಹಿಂದಿನ ದೊಡ್ಡ ಪರದೆಯಲ್ಲಿ ಮಡಚಿದ ಕಾಲು ನೆಟ್ಟಗಾಯಿತು, ಕರು ಜಾರಿ ಬಂದು ತಡವರಿಸಿ ಎದ್ದು ನಿಂತಿತು. ಕಿರಿಯ ಮೇಡಮ್ಮೇ ಮೊದಲು ಚಪ್ಪಾಳೆ ತಟ್ಟಿದಳು. ಆಗ ಒಬ್ಬ ವಿದ್ಯಾರ್ಥಿನಿ ಎದ್ದು, ಮೂಗು ಶುಚಿ ಮಾಡುವುದನ್ನು ಈ ಯಂತ್ರ ಕಲಿಸುವುದಿಲ್ಲವಲ್ಲ ಸರ್, ಅದನ್ನು ಹೇಗೆ ಕಲಿಯೋದು ಎಂದು ಕೇಳಿದಳು.

ಕೊಟ್ಟಿಗೆಯಲ್ಲಿ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಚಪ್ಪಾಳೆ ಮೇಷ್ಟ್ರ ತಲೆಗೇರಿತ್ತು.

"ಅದು ಕೈಗೇ ಬರಬೇಕಮ್ಮ. ನಿನ್ನೆ ತಾನೇ ಒಂದು ಮಾಡಿದೆ. ಅದೂ ಕರುವಿಗಲ್ಲ, ಮುದಿ ಪ್ರಾಣಿಗೆ. ಸಿಡುಕು ಮೂತಿ, ಒದೆಯೋ ಸ್ವಭಾವ. ಬೆರಳು ಹಾಕಿದ್ದೇ ತಡ, ಕಿಟಕಿ ಗಾಜು ನಡುಗೋ ಹಾಗೆ ಸೀನ್ತು."

ಸಭೆ ಬಿದ್ದು ಬಿದ್ದು ನಕ್ಕಿತು. ಡಿಜಿಟಲ್ ಪಾಠಗಳ ಹೊಣೆ ಇನ್ನು ನಿಮ್ಮದೇ ಎಂದು ಪ್ರಿನ್ಸಿಪಾಲರು ಕೈ ಕುಲುಕಿದರು. ಮೇಷ್ಟ್ರು ಸೀಟಿ ಹಾಕುತ್ತಾ ಮನೆಗೆ ಬಂದು ಗಂಟೆ ಒತ್ತಿದರು. ಬಾಗಿಲು ತೆರೆದ ಹೆಂಡತಿಯ ಕೈಯಲ್ಲಿ ಪಾಠ ತೋರಿಸಿದ ಮೊಬೈಲು ಇನ್ನೂ ಬೆಳಗುತ್ತಿತ್ತು. ಮುಖದಲ್ಲಿ ಮಾತ್ರ ಯಾವ ದೀಪವೂ ಉರಿಯುತ್ತಿರಲಿಲ್ಲ. ಅವರ ಹಿಂದೆ, ಸೋಫಾದಿಂದ, ಅತ್ತೆಯ ದನಿ ತಣ್ಣಗೆ ಕೇಳಿಸಿತು.

"ಡಾಕ್ಟ್ರು ಬಂದ್ರೇನಮ್ಮ? ಮುದಿ ಪ್ರಾಣಿ ಇಲ್ಲೇ ಇದೆ, ಇವತ್ತು ಕಟ್ಟಿಲ್ಲ ಅಂತ ಹೇಳು."

ಒದೆಯುವ ಪ್ರಾಣಿಯ ಹತ್ತಿರ ಯಾವ ಕಡೆಯಿಂದ ಹೋಗಬೇಕೆಂದು ವರ್ಷಗಟ್ಟಲೆ ಪಾಠ ಹೇಳಿದ ಮೇಷ್ಟ್ರು, ಹೊಸ್ತಿಲಲ್ಲೇ ಒಂದು ಕಾಲು ಎತ್ತಿ ನಿಂತರು. ಅದನ್ನು ಎಡಕ್ಕೆ ಇಡಬೇಕೋ ಬಲಕ್ಕೆ ಇಡಬೇಕೋ ಅವರಿಗೆ ಹೊಳೆಯಲೇ ಇಲ್ಲ.